ಲೇಡೀಸ್ ಕ್ಲಬ್ಬು ಕೇಳದೇ ಬಿಟ್ಟ ಕೋಣೆ

ಕಳೆದ ಮಂಗಳವಾರ ಮಧ್ಯಾಹ್ನ ನಾನು ಗೋಡೆಯಾಗಿದ್ದೆ.

ತಮಾಷೆ ಮಾಡುತ್ತಿಲ್ಲ. ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದೆ, ಜಾಲಿ ಗಿಡಗಳ ಮಗ್ಗುಲಲ್ಲಿ, ಸೆರಗನ್ನು ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದುಕೊಂಡು, ಬಿಸಿಲಿಗೆ ಮುಖ ಕೊಟ್ಟು ಅಲುಗಾಡದೆ ನಿಂತಿದ್ದೆ. ನನ್ನ ಎಡಕ್ಕೆ ಬಡವನಹಳ್ಳಿಯ ಈರಮ್ಮ. ಬಲಕ್ಕೆ ಪಾವಗಡದ ಬಸ್ಸಿಗೆ ಕಾಯುತ್ತಿದ್ದ, ನನಗೆ ಹೆಸರೂ ಗೊತ್ತಿಲ್ಲದ ಒಬ್ಬ ಹೆಂಗಸು. ಹಿಂದುಗಡೆ ಶಿರಾಕ್ಕೆ ಹೊರಟಿದ್ದ ಒಬ್ಬ ಮುಸ್ಲಿಂ ಅಜ್ಜಿ, ಬುರ್ಖಾವನ್ನು ಪರದೆಯ ಹಾಗೆ ಹರಡಿ ಹಿಡಿದಿದ್ದರು. ನಾನು ಹುಟ್ಟಿದ್ದು ಕೊರಟಗೆರೆಯಲ್ಲಿ. ಅಂದರೆ ನಮ್ಮ ಸಬ್ ಡಿವಿಜನ್ನಿನ ನಾಲ್ಕು ತಾಲ್ಲೂಕುಗಳೂ ಅಲ್ಲಿ ಹಾಜರಿದ್ದವು. (ಇಷ್ಟು ಒಗ್ಗಟ್ಟನ್ನು ನಾನು ಯಾವ ಸರ್ಕಾರಿ ಮೀಟಿಂಗಿನಲ್ಲೂ ಕಂಡಿಲ್ಲ.)

ನಮ್ಮ ನಾಲ್ವರ ನಡುವೆ ಈರಮ್ಮನ ಮಗಳು ನಾಗವೇಣಿ ಕುಕ್ಕರಗಾಲಲ್ಲಿ ಕುಳಿತು ಅಳುತ್ತಿದ್ದಳು.

"ಬಿರ್ರನೆ ಎದ್ದೇಳವ್ವ, ಯಾರೋ ಬತ್ತಾವ್ರೆ" ಎಂದಳು ಈರಮ್ಮ.

"ಆಗ್ತಿಲ್ಲ ಕಣವ್ವ. ಉರೀತೈತೆ."

"ಏಮಿ ಕಾದಮ್ಮಾ, ನೀನು ನಿದಾನಕ್ಕೆ ಕೂತ್ಕೋ. ಎವರು ಬರ್ತಾರೋ ನಾನ್ ನೋಡ್ತೀನಿ" ಎಂದು ಪಾವಗಡದವಳು ತೆಲುಗು ಬೆರೆಸಿ ಧೈರ್ಯ ಹೇಳಿದಳು. ಅಷ್ಟರಲ್ಲಿ ಬೀಡಿ ಕಚ್ಚಿಕೊಂಡು ಒಬ್ಬ ಆ ಕಡೆಯೇ ಬಂದ. ಗಂಡಸರಿಗೆ ಊರೆಲ್ಲ ಗೋಡೆಯೇ ಅಲ್ಲವೇ? ಅಜ್ಜಿ ಒಂದೇ ಸಲ ಗುಡುಗಿದರು: "ಏ ಮಿಯಾ, ಉಧರ್ ಜಾ! ಹೆಂಗಸ್ರು ನಿಂತಿರೋದು ಕಣ್ಣಿಗೆ ಕಾಣಾಕಿಲ್ವಾ?" ಅವನು ಬೀಡಿ ಬಿಸಾಕಿ ಬಂದ ದಾರಿಯಲ್ಲೇ ಹಿಂದಿರುಗಿದ.

ಈಗ ಈರಮ್ಮನ ಪರಿಚಯ ಹೇಳಿಬಿಡುತ್ತೇನೆ. ನಮ್ಮ ಮನೆಗೆ ಬೆಣ್ಣೆ ತಂದುಕೊಡುವವಳು. ಗಂಡ ಕುರಿ ಮೇಯಿಸುತ್ತಾನೆ, ಮನೆಯಲ್ಲಿ ಎರಡು ಎಮ್ಮೆ. ಅವರ ಹಟ್ಟಿಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಮೊದಲ ಹುಡುಗಿ ನಾಗವೇಣಿ. ಈಗ ಪಿಯುಸಿ ಎರಡನೇ ವರ್ಷ. ಪರೀಕ್ಷೆ ಹತ್ತಿರದಲ್ಲೇ ಇದೆ. ಹೈಸ್ಕೂಲ್ ಟೀಚರಾಗಬೇಕು ಅಂತ ಆಸೆ. ದಿನಾ ಬಡವನಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುತ್ತಾಳೆ. ಆ ಬಸ್ಸು ಬಿಟ್ಟರೆ ಮುಂದಿನದು ಕಾಲೇಜಿನ ಬೆಲ್ಲು ಹೊಡೆದ ಮೇಲೇ. ಹಾಗಾಗಿ ಬೆಳಗ್ಗೆ ಒಂದಷ್ಟು ಹೊತ್ತು, ಸಾಯಂಕಾಲ ಇನ್ನಷ್ಟು ಹೊತ್ತು ಬಸ್ ಸ್ಟ್ಯಾಂಡೇ ಅವಳ ಮನೆ.

ಆ ಮನೆಯಲ್ಲಿ ಹೋಟೆಲ್ಲಿದೆ, ಪಾನ್ ಬೀಡಾ ಅಂಗಡಿಯಿದೆ, ಸೈಕಲ್ ಸ್ಟ್ಯಾಂಡಿದೆ. ಹೆಂಗಸರಿಗೆ ಕಕ್ಕಸು ಇಲ್ಲ.

(ಕಾಲೇಜಿನಲ್ಲಿ ಇಲ್ಲವೇ ಎಂದು ಕೇಳುತ್ತೀರಿ. ಇದೆ. ಬೀಗವೂ ಇದೆ. ಬೀಗದ ಕೈ ಅಟೆಂಡರ್ ಜೇಬಿನಲ್ಲಿ. ಹುಡುಗರೆಲ್ಲ ನಿಂತಿರುವ ವರಾಂಡದಲ್ಲಿ ಹದಿನೇಳರ ಹುಡುಗಿ ಹೋಗಿ "ಅಣ್ಣಾ, ಬೀಗದ ಕೈ ಕೊಡಿ" ಎಂದು ಕೈ ಚಾಚಬೇಕು. ನಿಮ್ಮ ಮಗಳು ಚಾಚುತ್ತಾಳಾ?)

ಹಾಗಾದರೆ ನಾಗವೇಣಿ ಏನು ಮಾಡುತ್ತಿದ್ದಳು? ಬಹಳ ಸುಲಭ. ನೀರು ಕುಡಿಯುತ್ತಿರಲಿಲ್ಲ. ಬೆಳಗ್ಗೆ ಎದ್ದಾಗಿನಿಂದ ಸಾಯಂಕಾಲ ಮನೆ ಸೇರುವ ತನಕ ಗುಟುಕು ನೀರಿಲ್ಲ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ಲ. ಬಂಡೆಯೇ ಕಾದು ಮುಟ್ಟಲಾಗುವುದಿಲ್ಲ, ಇನ್ನು ಹುಡುಗಿಯ ಹೊಟ್ಟೆ ಏನು ಮಾಡೀತು? ಜ್ವರ ಬಂತು, ಹೊಟ್ಟೆನೋವು ಬಂತು, ಕೊನೆಗೆ ಮೂತ್ರದಲ್ಲಿ ರಕ್ತ ಬಂತು. ಆ ಮಂಗಳವಾರ ತಾಯಿ ಮಗಳು ಡಾಕ್ಟರಮ್ಮನಿಗೆ ತೋರಿಸಿಕೊಂಡು ಊರಿಗೆ ಹೊರಟಿದ್ದರು. ಬೇರೆ ಯಾರನ್ನೋ ಬಸ್ಸು ಹತ್ತಿಸಲು ಹೋದ ನಾನು ಅವರ ಕಣ್ಣಿಗೆ ಬಿದ್ದೆ.

ಡಾಕ್ಟರಮ್ಮ ಹೇಳಿದ್ದು ಎರಡೇ ಮಾತು. ನೀರು ಚೆನ್ನಾಗಿ ಕುಡಿಯಬೇಕು. ಬಂದಾಗ ತಡೆದುಕೊಳ್ಳಬಾರದು. ಇಲ್ಲದಿದ್ದರೆ ಕಿಡ್ನಿಗೇ ಬರುತ್ತದೆ.

"ಇವ್ರಪ್ಪ ಒಂದೇ ಮಾತು ಹೇಳವ್ನೆ ಕಣಮ್ಮ" ಎಂದಳು ಈರಮ್ಮ. "ನೀರು ಕುಡಿಯೋದಾದ್ರೆ ಮನೇಲಿರ್ಲಿ. ಕಾಲೇಜೇ ಬೇಕು ಅಂದ್ರೆ ಸಾಯ್ಲಿ ಅಂತ. ಅವನ್ ಕ್ವಾಪ ಅಲ್ಲ ಅದು, ದಿಗಿಲು."

ನಮ್ಮ ಮನೆಯಲ್ಲೇ ಇದ್ದು ಪರೀಕ್ಷೆ ಬರೆಯಲಿ ಎಂದೆ. ಈರಮ್ಮ ತಲೆಯಾಡಿಸಿದಳು. "ವಯಸ್ಸಿಗ್ ಬಂದ ಹುಡ್ಗೀನ ಇನ್ನೊಬ್ರ ಮನೇಲಿ ಬುಟ್ರೆ ಹಟ್ಟಿಯೋರು ಸುಮ್ಕಿದ್ದಾರಾ? ನಿಮ್ಗೆ ಗೊತ್ತಾಗಾಕಿಲ್ಲ ಬುಡಿ."

ನಾಗವೇಣಿ ಬಸ್ಸು ಹತ್ತುವ ಮೊದಲು ನನ್ನ ಕೈ ಹಿಡಿದುಕೊಂಡಳು. "ಅಮ್ಮಾ, ಪರೀಕ್ಷೆ ಆಗೋ ತಂಕ ಇಲ್ಲಿ ಏನಾದ್ರೂ ಒಂದು ಮಾಡ್ಸಕೆ ಆಗ್ತದಾ? ತಗಡು ಅಡ್ಡ ಇಟ್ರೂ ಸಾಕು. ಆಮೇಲೆ ನಾನು ನಮ್ಮಪ್ಪನ್ನ ಒಪ್ಪಿಸ್ಕಂತೀನಿ."

ಪೇಪರಿನಲ್ಲಿ ವಾರವಾರ ಬರೆಯುವವರು ಏನು ಬೇಕಾದರೂ ಮಾಡಿಸಬಲ್ಲರು ಎಂದು ಆ ಹುಡುಗಿ ತಿಳಿದಿದ್ದಳು. ಮಾಡಿಸುತ್ತೇನೆ ಎಂದೆ. ಬಸ್ಸು ಹೋಯಿತು. ತಿರುಗಿ ನೋಡಿದೆ. ಎದುರಿಗೇ ಇತ್ತು ನಮ್ಮೂರ ಲೇಡೀಸ್ ಕ್ಲಬ್ಬು ಕಟ್ಟಿಸಿದ ಮಹಿಳೆಯರ ವಿಶ್ರಾಂತಿ ಕೊಠಡಿ. ಗುಲಾಬಿ ಬಣ್ಣದ ಗೋಡೆ. ಗೋಡೆಯಲ್ಲಿ ಕಲ್ಲು. ಕಲ್ಲಿನಲ್ಲಿ ಹೆಸರುಗಳು. ಬಾಗಿಲಿಗೆ ಬೀಗ. ನಾವು ನಾಲ್ವರೂ ಸೆರಗು ಹಿಡಿದು ನಿಂತಿದ್ದದ್ದು ಆ ಕೊಠಡಿಯ ಬೆನ್ನಿಗೇ.

ಮೈಯೆಲ್ಲ ಉರಿದುಹೋಯಿತು. ಯಾಕೆಂದರೆ ಆ ಕೊಠಡಿ ಹುಟ್ಟಿದ ಮೀಟಿಂಗಿನಲ್ಲಿ ನಾನಿದ್ದೆ.

ಅದು ಮಹಿಳಾ ವರ್ಷ ಅಂತ ಸರ್ಕಾರ ಎಲ್ಲ ಕಡೆ ಸಭೆ ಮಾಡಿಸುತ್ತಿದ್ದ ಕಾಲ. ನಮ್ಮ ಕ್ಲಬ್ಬಿಗೂ ಹುರುಪು ಬಂದಿತ್ತು. (ಕ್ಲಬ್ಬಿನ ಪೂರ್ತಿ ಹೆಸರು ಬರೆಯುವುದಿಲ್ಲ. ನನಗೆ ಇನ್ನೂ ಈ ಊರಿನಲ್ಲೇ ತರಕಾರಿ ಕೊಳ್ಳಬೇಕು.) ಸುಳ್ಳು ಹೇಳಬಾರದು, ಆ ಕ್ಲಬ್ಬು ಒಳ್ಳೆಯದನ್ನೂ ಮಾಡಿದೆ. ಶಿಶುವಿಹಾರ ನಡೆಸಿತು. ಹೊಲಿಗೆ ಕ್ಲಾಸು ನಡೆಸಿತು, ಅಲ್ಲಿ ಕಲಿತವರು ಇವತ್ತಿಗೂ ಅದರಲ್ಲಿ ಅನ್ನ ತಿನ್ನುತ್ತಿದ್ದಾರೆ. ಅಡುಗೆಮನೆಯಿಂದ ದೇವರ ಮನೆಗೆ, ದೇವರ ಮನೆಯಿಂದ ಅಡುಗೆಮನೆಗೆ ಓಡಾಡಿಕೊಂಡಿದ್ದ ನಮ್ಮಂಥವರು ಗುರುವಾರ ಸಾಯಂಕಾಲ ಚಪ್ಪಲಿ ಮೆಟ್ಟಿ, "ಕ್ಲಬ್ಬಿಗೆ ಹೋಗಿಬರುತ್ತೇನೆ" ಎಂದು ಅತ್ತೆಯ ಎದುರಿಗೇ ಹೇಳಿ ಹೊರಟದ್ದು ಸಣ್ಣ ಮಾತೇ? ಸೀರೆ ಎತ್ತಿ ಸಿಕ್ಕಿಸಿ ರಬ್ಬರ್ ರಿಂಗ್ ಎಸೆದಾಡಿದ್ದೇವೆ. ಬಿದ್ದು ಮಂಡಿ ತರಚಿಕೊಂಡು ನಕ್ಕಿದ್ದೇವೆ. ಆ ನಗುವಿನ ಋಣ ನನ್ನ ಮೇಲಿದೆ.

ಕ್ಲಬ್ಬಿನ ಒಂದು ಪದ್ಧತಿ ಮಾತ್ರ ಅವತ್ತೂ ಇತ್ತು, ಇವತ್ತೂ ಇದೆ. ಊರಿಗೆ ಯಾವ ದೊಡ್ಡ ಸಾಹೇಬರು ವರ್ಗವಾಗಿ ಬರುತ್ತಾರೋ ಅವರ ಹೆಂಡತಿಯೇ ಅಧ್ಯಕ್ಷಿಣಿ. ಆಕೆಗೆ ಊರಿನ ಬೀದಿ ಗೊತ್ತಾಗುವ ಹೊತ್ತಿಗೆ ಸಾಹೇಬರಿಗೆ ಟ್ರಾನ್ಸ್‌ಫರ್. ಮತ್ತೆ ಬೀಳ್ಕೊಡುಗೆ, ಮತ್ತೆ ಸ್ವಾಗತ, ಮತ್ತೆ ಕೇಸರಿಬಾತು. ಕಾರ್ಯದರ್ಶಿ ಮಾತ್ರ ಬದಲಾಗುವುದಿಲ್ಲ. ಮೊದಲಿನಿಂದಲೂ ವಿಮಲಮ್ಮನೇ. ಜವಳಿ ಅಂಗಡಿಯವರ ಮನೆಯಾಕೆ, ಹಣೆ ತುಂಬ ವಿಭೂತಿ, ಮಾತು ಬೆಣ್ಣೆ, ಕೆಲಸ ಗಟ್ಟಿ.

ಅವತ್ತಿನ ಮೀಟಿಂಗಿನಲ್ಲಿ ಅಧ್ಯಕ್ಷಿಣಿ ಹೇಳಿದರು: ಮಹಿಳಾ ವರ್ಷದ ಲೆಕ್ಕದಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರಿಗಾಗಿ ಏನಾದರೂ ಒಂದು ಕಟ್ಟಿಸಿಕೊಡುತ್ತಾರಂತೆ, ಏನು ಬೇಕು ಅಂತ ನಾವೇ ಅರ್ಜಿ ಬರೆದು ಕೊಡಬೇಕಂತೆ.

"ಕಕ್ಕಸು ಕೇಳೋಣ" ಎಂದೆ ನಾನು.

ಒಬ್ಬರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಸಕ್ಕೆಂದರು. ಇನ್ನೊಬ್ಬರು ಕೇಸರಿಬಾತಿನ ತಟ್ಟೆಯನ್ನು ಕೆಳಗಿಟ್ಟರು. ಅಧ್ಯಕ್ಷಿಣಿ ಕಿಟಕಿಯ ಕಡೆ ನೋಡತೊಡಗಿದರು.

"ಏನ್ರೀ ಇದು" ಎಂದರು ವಿಮಲಮ್ಮ. "ಅರ್ಜಿ ಓದೋರು ಸಾಹೇಬರು. ಅವರ ಮುಂದೆ ಇಟ್ಟ ಕಾಗದದಲ್ಲಿ ಆ ಮಾತು ಬರೆದು, ಕೆಳಗೆ ನಾವೆಲ್ಲ ಸಹಿ ಹಾಕೋದಾ? ನಾಳೆ ಬೀದೀಲಿ ಹೋಗ್ತಿದ್ರೆ ಜವಾನರೂ ನಗ್ತಾರೆ."

"ಹಾಗಾದ್ರೆ ಹಳ್ಳಿಯಿಂದ ಬರೋ ಹೆಂಗಸರು ಎಲ್ಲಿಗೆ ಹೋಗಬೇಕು?"

"ಅದಕ್ಕೇ ಒಂದು ರೂಮ್ ಕೇಳೋಣ. ವಿಶ್ರಾಂತಿ ತಗೊಳ್ಳೋಕೆ. ರೂಮ್ ಕಟ್ಟಿಸಿದವರು ಹಿಂದೆ ಅದೊಂದು ಕಟ್ಟಿಸದೆ ಇರ್ತಾರಾ? ಅವರ ಮನೇಲೂ ಹೆಂಗಸರಿದ್ದಾರೆ. ಬಾಯಿ ಬಿಟ್ಟು ಹೇಳಬೇಕಾ ಎಲ್ಲಾನೂ?"

ಬೇಡವಂತೆ. ಎಲ್ಲರೂ ಕೈ ಎತ್ತಿದರು. ಅರ್ಜಿ ಹೋಯಿತು. ಸರ್ಕಾರ ಕೇಳಿದ್ದನ್ನು ಕೊಟ್ಟಿತು. ಅಪರೂಪಕ್ಕೆ ಕೇಳಿದ್ದನ್ನು ಕೇಳಿದ ಹಾಗೆಯೇ ಕೊಟ್ಟಿತು! ನಾಲ್ಕು ಗೋಡೆ, ಒಂದು ಬಾಗಿಲು, ಎರಡು ಬೆಂಚು. ಕ್ಲಬ್ಬಿನವರು ಸೇರಿಸಿದ್ದು ಒಂದು ನಿಲುವುಗನ್ನಡಿ. ಹಿಂದೆ ಏನೂ ಇಲ್ಲ. ಹಿಂದೆ ಜಾಲಿ ಗಿಡ. ಉದ್ಘಾಟನೆಯ ದಿನ ರೇಷ್ಮೆ ಸೀರೆಯಲ್ಲಿ ಆರತಿ ಹಿಡಿದು ಬಂದವರೆಲ್ಲ ಬಾಗಿಲಿನಿಂದ ಒಳಗೆ ಹೋಗಿ, ಗೋಡೆಯ ಸುತ್ತ ಕಣ್ಣಾಡಿಸಿ, ಇನ್ನೊಂದು ಬಾಗಿಲು ಹುಡುಕಿದ್ದನ್ನು ನಾನು ನೋಡಿದೆ. ಕೇಳದೇ ಇದ್ದದ್ದು ಸಿಗಲಿಲ್ಲ ಅಂತ ಯಾರ ಹತ್ತಿರ ಜಗಳ ಆಡುತ್ತೀರಿ? ಫೋಟೊ ತೆಗೆಸಿಕೊಂಡು ಬಂದರು. ಮುಂದಿನ ವರ್ಷದ ಕಮಿಟಿಯಲ್ಲಿ ನನ್ನ ಹೆಸರಿರಲಿಲ್ಲ. ನನ್ನ ಬಾಯಿ ಸರಿಯಿಲ್ಲವಂತೆ.

ಬೀಗ ಬಿದ್ದದ್ದು ಆಮೇಲೆ. ಹಳ್ಳಿ ಹೆಂಗಸರು ಒಳಗೆ ಮಲಗುತ್ತಾರೆ, ಎಲೆಅಡಿಕೆ ಉಗಿಯುತ್ತಾರೆ, ಮಕ್ಕಳು ಗಲೀಜು ಮಾಡುತ್ತವೆ, ಕನ್ನಡಿ ಒಡೆದರೆ ಯಾರು ಜವಾಬ್ದಾರಿ ಎಂದು ಕ್ಲಬ್ಬು ಠರಾವು ಮಾಡಿತು. ಹಳ್ಳಿ ಹೆಂಗಸರಿಗೆಂದು ಕಟ್ಟಿಸಿದ ಕೊಠಡಿಯನ್ನು ಹಳ್ಳಿ ಹೆಂಗಸರಿಂದಲೇ ಕಾಪಾಡಿದರು. ಈಗ ವಾರ್ಷಿಕೋತ್ಸವದ ದಿನ ತೆರೆದು, ಗುಡಿಸಿ, ರಂಗೋಲಿ ಹಾಕಿ, ಮತ್ತೆ ಮುಚ್ಚುತ್ತಾರೆ.

ಕ್ಲಬ್ಬಿನ ಸದಸ್ಯೆಯರಿಗೆಲ್ಲ ಊರೊಳಗೇ ಮನೆ. ಬಸ್ ಸ್ಟ್ಯಾಂಡಿನಲ್ಲಿ ಕಾಯಬೇಕಾದವರು ಬರಗೂರಿನವರು, ಬಲಸಮುದ್ರದವರು, ಬಡವನಹಳ್ಳಿಯವರು. ಅವರಲ್ಲಿ ಒಬ್ಬರೂ ಕ್ಲಬ್ಬಿನಲ್ಲಿ ಇರಲಿಲ್ಲ. ಕರೆದವರಾದರೂ ಯಾರು?

ಇರಲಿ. ಬುಧವಾರ ಬೆಳಗ್ಗೆ ನೇರವಾಗಿ ವಿಮಲಮ್ಮನ ಮನೆಗೆ ಹೋದೆ. ಆಕೆ ನನ್ನನ್ನು ಕಂಡು ಎದ್ದೇ ನಿಂತರು. "ನೂರು ವರ್ಷ ಆಯಸ್ಸು ನಿಮಗೆ! ಈಗಷ್ಟೇ ನೆನೆಸ್ಕೊಂಡೆ." ಕ್ಲಬ್ಬು ಸ್ಮರಣ ಸಂಚಿಕೆ ತರುತ್ತಿದೆಯಂತೆ. ಅದಕ್ಕೆ ನಾನು ಎರಡು ಪುಟ ಬರೆದುಕೊಡಬೇಕಂತೆ. ವಿಷಯವನ್ನೂ ಅವರೇ ಇಟ್ಟಿದ್ದರು: ಸಮಾಜವನ್ನು ಕಟ್ಟುವಲ್ಲಿ ಮಹಿಳಾ ಸಂಘಗಳ ಪಾತ್ರ.

"ಬರೀತೀನಿ" ಎಂದೆ. "ಅದಕ್ಕೆ ಮೊದಲು ನೀವೊಂದು ಅರ್ಜಿ ಬರೀಬೇಕು."

ನಾಗವೇಣಿಯ ಕಥೆಯನ್ನು ಒಂದೂ ಬಿಡದೆ ಹೇಳಿದೆ. ರಕ್ತದ ವಿಷಯ ಹೇಳಿದೆ. ಅವಳ ಅಪ್ಪನ ಮಾತು ಹೇಳಿದೆ. ಈ ಸಲ ಅರ್ಜಿಯಲ್ಲಿ ಕಕ್ಕಸು ಅಂತಲೇ ಇರಬೇಕು, ಅಲ್ಲಿಯತನಕ ಕೊಠಡಿಯ ಹಿಂದೆ ನಾಲ್ಕು ತಗಡು ನಿಲ್ಲಿಸಿ ಒಂದು ಗುಂಡಿ ತೋಡಿಸಿದರೂ ಸಾಕು, ಹುಡುಗಿಯ ಓದು ಉಳಿಯುತ್ತದೆ ಎಂದೆ. ವಿಮಲಮ್ಮನ ಕಣ್ಣಲ್ಲಿ ನೀರು ಬಂತು. ನಾಟಕದ ನೀರಲ್ಲ. ಅಡುಗೆಮನೆಯ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿ ಅಂದರು:

"ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ? ತುಮಕೂರಿಗೆ ಹೋಗೋ ದಿನ ನಾನು ಕಾಫಿ ಕುಡಿಯಲ್ಲ ಕಣ್ರೀ. ಬೆಳಗ್ಗೆಯಿಂದ ಬಾಯಿ ಕಟ್ಟಿಕೊಂಡೇ ಹೋಗೋದು. ನಮ್ಮಮ್ಮನೂ ಹಾಗೇ ಮಾಡ್ತಿದ್ರು. ನನ್ನ ಸೊಸೆಗೂ ನಾನೇ ಹೇಳಿಕೊಟ್ಟಿದ್ದೀನಿ."

ಎಲ್ಲರಿಗೂ ಗೊತ್ತು! ಅವತ್ತು ಕಿಸಕ್ಕೆಂದವರಿಗೆ ಗೊತ್ತು, ತಟ್ಟೆ ಕೆಳಗಿಟ್ಟವರಿಗೆ ಗೊತ್ತು, ಕಿಟಕಿ ನೋಡಿದ ಅಧ್ಯಕ್ಷಿಣಿಗೂ ಗೊತ್ತು. ಪ್ರತಿಯೊಬ್ಬಳೂ ಬಸ್ಸು ಹತ್ತುವ ದಿನ ಗಂಟಲು ಒಣಗಿಸಿಕೊಂಡವಳೇ. ಅದನ್ನು ತಾಯಿ ಮಗಳಿಗೆ, ಅತ್ತೆ ಸೊಸೆಗೆ ಸಾರಿನ ಹದ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟಿದ್ದಾಳೆ. ಆದರೆ ಇಷ್ಟೂ ಹೆಂಗಸರು, ಗಂಡಸರಿಲ್ಲದ ಒಂದು ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಕುಳಿತಾಗಲೂ ಒಬ್ಬರಿಗೊಬ್ಬರು ಹೇಳಿಕೊಂಡಿಲ್ಲ. ಹಾಗಾದರೆ ಇನ್ನು ಕ್ಲಬ್ಬು ಯಾತಕ್ಕೆ? ಕೇಸರಿಬಾತು ತಿನ್ನುವುದಕ್ಕಾ?

"ಹಾಗಾದ್ರೆ ಬರೀರಿ" ಎಂದೆ.

"ಬರೆದರೆ ಸಹಿ ಯಾರು ಹಾಕ್ತಾರೆ? ನಮ್ಮ ಯಜಮಾನರ ಕಿವಿಗೆ ಬಿದ್ದರೆ? ಹೊಸ ಅಧ್ಯಕ್ಷಿಣಿ ಬೇರೆ, ಊರಿಗೆ ಬಂದು ಇನ್ನೂ ಸರಿಯಾಗಿ ಪರಿಚಯವೂ ಇಲ್ಲ. ಹೋಗಿದ್ದೇ ಅವರ ಮುಂದೆ ಆ ಮಾತು ಎತ್ತೋದಾ? ನೀವು ಒಂದೆರಡು ದಿನ ಟೈಮ್ ಕೊಡಿ. ಗುರುವಾರ ಮೀಟಿಂಗಿದೆ. ಆ ಹುಡುಗಿಗೆ ಏನಾದ್ರೂ ಮಾಡೇ ಮಾಡ್ತೀನಿ. ನನ್ನ ಮಾತು ನಂಬಿ."

ನಂಬಿದೆ. ಆಕೆ ಕೆಲಸ ಗಟ್ಟಿ ಎಂದು ಮೊದಲೇ ಹೇಳಿದೆನಲ್ಲ. ಆ ಹೊಲಿಗೆ ಕ್ಲಾಸನ್ನು ಮನೆ ಮನೆ ತಿರುಗಿ ನಿಲ್ಲಿಸಿದವರು ಆಕೆ. ಮನಸ್ಸು ಮಾಡಿದರೆ ನಾಲ್ಕು ತಗಡು ಯಾವ ಲೆಕ್ಕ?

ಮಾತು ಉಳಿಸಿಕೊಂಡರು. ಗುರುವಾರ ಮೀಟಿಂಗಾಯಿತು. ಶನಿವಾರ ಬೆಳಗ್ಗೆ ನಮ್ಮ ಮನೆಗೆ ಹೇಳಿಕಳಿಸಿದರು: ಬಸ್ ಸ್ಟ್ಯಾಂಡಿಗೆ ಬನ್ನಿ, ನೀವು ಹೇಳಿದ ವಿಷಯಕ್ಕೆ ಕ್ಲಬ್ಬು ವ್ಯವಸ್ಥೆ ಮಾಡಿದೆ.

ಓಡಿದೆ. ದೂರದಿಂದಲೇ ಚಪ್ಪರ ಕಂಡಿತು, ಮಾವಿನ ತೋರಣ ಕಂಡಿತು. ಚಪ್ಪರದ ಕೆಳಗೆ ಮರಳಿನ ಗುಡ್ಡೆ. ಅದರ ಮೇಲೆ ಸಾಲಾಗಿ ಹೊಸ ಮಡಕೆಗಳು. ಪ್ರತಿ ಮಡಕೆಗೂ ಅರಿಶಿನ ಕುಂಕುಮ. ಮೇಲೆ ಬ್ಯಾನರ್: ಮಹಿಳೆಯರಿಗಾಗಿ ಅರವಟ್ಟಿಗೆ.

ಅರವಟ್ಟಿಗೆ! ಕುಡಿಯುವ ನೀರು!

ಹೊಸ ಅಧ್ಯಕ್ಷಿಣಿ ರಿಬ್ಬನ್ ಕತ್ತರಿಸಿದರು. ವಿಮಲಮ್ಮ ಮೈಕಿನಲ್ಲಿ ಹೇಳಿದರು: "ಹಳ್ಳಿಯಿಂದ ಬರೋ ನಮ್ಮ ಹೆಣ್ಣುಮಕ್ಕಳು ನೀರು ಕುಡಿಯದೆ ಕಾಯಿಲೆ ಬೀಳ್ತಿದ್ದಾರೆ ಅಂತ ತಿಳಿದು ನಮ್ಮ ಮನಸ್ಸಿಗೆ ತುಂಬಾ ನೋವಾಯ್ತು." ಚಪ್ಪಾಳೆ ಬಿತ್ತು. ಬಸ್ಸಿಗೆ ಕಾಯುತ್ತಿದ್ದ ಹೆಂಗಸರನ್ನು ಕರೆದು ಕರೆದು ಲೋಟ ಕೊಟ್ಟರು. ಗಂಡಸರು ಬಂದು ಗಟಗಟ ಕುಡಿದರು. ಹೆಂಗಸರು? ಒಬ್ಬಾಕೆ ಲೋಟ ತೆಗೆದುಕೊಂಡು, ಕಣ್ಣಿಗೆ ಒತ್ತಿಕೊಂಡು, ಪಕ್ಕದಲ್ಲಿದ್ದ ಮಗುವಿಗೆ ಕುಡಿಸಿದಳು. ಇನ್ನೊಬ್ಬಳು ತೀರ್ಥದಷ್ಟು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಕಾಲಿನ ಮೇಲೆ ಸುರಿದುಕೊಂಡಳು. ಎಲ್ಲರೂ ನೋಡುತ್ತಿದ್ದೆವು. ಎಲ್ಲರಿಗೂ ಗೊತ್ತಿತ್ತು. ಫೋಟೊದವನು ಸ್ವಲ್ಪ ನಗಿ ಎಂದ.

ವಿಮಲಮ್ಮ ನನ್ನ ಕೈಗೂ ಒಂದು ಲೋಟ ಕೊಟ್ಟರು. "ಇಷ್ಟಾದ್ರೂ ಆಯ್ತಲ್ಲ" ಎಂದರು. ಆಕೆಯ ಮುಖ ನೋಡಿದೆ. ಆಕೆ ನನ್ನ ಮುಖ ನೋಡಲಿಲ್ಲ. ಅಲ್ಲೇ, ಅಷ್ಟು ಜನರೆದುರು, "ವಿಮಲಮ್ಮ, ಈ ನೀರು ಕುಡಿದವರು ಎಲ್ಲಿಗೆ ಹೋಗಬೇಕು?" ಎಂದು ಗಟ್ಟಿಯಾಗಿಯೇ ಕೇಳಿದೆ. ಮೈಕು ಆನ್ ಇತ್ತೋ ಏನೋ, ಸುತ್ತ ಇದ್ದವರೆಲ್ಲ ತಿರುಗಿದರು. ಅಧ್ಯಕ್ಷಿಣಿಗೆ ಅರ್ಥವಾಗಲಿಲ್ಲ. ಅರ್ಥವಾದವರು ನೆಲ ನೋಡಿದರು. ಸ್ಮರಣ ಸಂಚಿಕೆಗೆ ನನ್ನ ಲೇಖನ ಬೇಡವೆಂದು ಆವತ್ತೇ ಸಾಯಂಕಾಲ ಸುದ್ದಿ ಬಂತು. (ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ವಿಷಯ ಅದೇ.)

ಭಾನುವಾರ ಈರಮ್ಮ ಬೆಣ್ಣೆ ತಂದಳು. ಜೊತೆಗೆ ಎಲೆಅಡಿಕೆ, ಒಂದು ತೆಂಗಿನಕಾಯಿ. "ಏನಿದು, ಈರಮ್ಮ?" ಎಂದೆ.

"ಹೆಣ್ಣು ಕೇಳ್ತಾನೇ ಇದ್ರು ಕಣಮ್ಮ ಗಂಡಿನೋರು, ಹೋದ ವರ್ಷದಿಂದ. ಓದ್ಲಿ ತಡೀರಿ ಅಂತ ಇವ್ರಪ್ಪನೇ ಅಡ್ಡ ನಿಂತಿದ್ದ. ಈಗ ಅವನೇ ಹೂಂ ಅಂದ್ಬುಟ್ಟ. ಶುಕ್ರವಾರ ಬಂದು ಎಲೆಅಡಿಕೆ ಇಡ್ಸ್ಕಂಡು ಹೋದ್ರು."

"ಪರೀಕ್ಷೆ, ಈರಮ್ಮ?"

"ಪರೀಕ್ಷೆಗಿಂತ ಮುಂಚೇನೇ ಲಗ್ನ."

"ಅವಳೇನಂದಳು?"

ಈರಮ್ಮ ಬೆಣ್ಣೆಯ ಮೇಲಿನ ಎಲೆ ಸರಿಮಾಡಿದಳು. "ಏನಂದಾಳು? ಒಂದಿನ ಅತ್ತಳು. ಪುಸ್ತಕನೆಲ್ಲ ಪಕ್ಕದ ಹಟ್ಟಿ ಹುಡ್ಗಂಗೆ ಕೊಟ್ಬುಟ್ಲು." ಆಮೇಲೆ, ನನಗೆ ಸಮಾಧಾನ ಹೇಳುವವಳ ಹಾಗೆ, ಮುಖ ಅರಳಿಸಿಕೊಂಡು ಹೇಳಿದಳು. "ಹುಡ್ಗ ತುಮಕೂರ್ನಾಗೆ ಮಿಲ್ಲಿನ ಕೆಲ್ಸ. ಮನೆ ಒಳಗೇ ಕಕ್ಕಸು ಐತಂತೆ ಕಣಮ್ಮ, ಬಾಗ್ಲು ಚಿಲ್ಕ ಎಲ್ಲಾ ಐತಂತೆ. ಇನ್ನು ನನ್ ಮಗ್ಳು ಹೊಟ್ಟೆ ತುಂಬ ನೀರು ಕುಡ್ಕಂಡಿರ್ತಾಳೆ ಬುಡಿ."

ಬೈಯಬೇಕೆಂದುಕೊಂಡಿದ್ದೆ. ಯಾರನ್ನು ಬೈಯಲಿ? ಈರಮ್ಮನ ಕಣ್ಣಲ್ಲಿ ಇದ್ದದ್ದು ನಿಜವಾದ ನೆಮ್ಮದಿ. ನಮ್ಮ ಕ್ಲಬ್ಬು, ನಮ್ಮ ಕೊಠಡಿ, ನಮ್ಮ ಅರವಟ್ಟಿಗೆ, ನನ್ನ ಈ ಅಂಕಣ, ಎಲ್ಲ ಸೇರಿಯೂ ಕೊಡಲಾಗದ್ದನ್ನು ಯಾರೋ ಒಬ್ಬ ಮಿಲ್ಲಿನ ಹುಡುಗ ಕೊಡುತ್ತಿದ್ದಾನೆ.

ಈಗ ಹೇಳಿ, ನಮ್ಮ ಕಡೆ ಒಬ್ಬ ಹುಡುಗಿ ಹೆದರಿಕೆಯಿಲ್ಲದೆ ಒಂದು ಲೋಟ ನೀರು ಕುಡಿಯಬೇಕಾದರೆ ಮೊದಲು ಕುತ್ತಿಗೆಗೆ ತಾಳಿ ಕಟ್ಟಿಸಿಕೊಳ್ಳಬೇಕೇ?